ರಾಕೆಟ್ಟಿಗೆ ಆಯುಧಪೂಜೆ

ಹತ್ತು ವಿಷಯಗಳನ್ನು ಅಷ್ಟಷ್ಟು ತಿಳಿದುಕೊಂಡವರು ಸುಖವಾಗಿ ಬಾಳುತ್ತಾರೆ. ಯಾರ ಮನೆಗೆ ಹೋದರೂ ಅವರ ಮಾತಿಗೊಂದು ಮಾತು ಸೇರಿಸಿ, ಕಾಫಿ ಕುಡಿದು, ಒಳ್ಳೆಯವರೆಂಬ ಹೆಸರು ತೆಗೆದುಕೊಂಡು ಎದ್ದು ಬರುತ್ತಾರೆ. ಒಂದೇ ವಿಷಯವನ್ನು ಪೂರ್ತಿ ತಿಳಿದುಕೊಂಡವನ ಪಾಡು ಬೇರೆ. ನನಗೆ ಗೊತ್ತಿರುವುದು ಒಂದೇ: ಮನುಷ್ಯ ಚಂದ್ರನ ಮೇಲೆ ಕಾಲಿಡುವ ಮುಂಚೆ ರಷ್ಯದವರೂ ಅಮೆರಿಕದವರೂ ಜಿದ್ದಿಗೆ ಬಿದ್ದು ಹಾರಿಸಿದ ರಾಕೆಟ್ಟುಗಳು ಮತ್ತು ಉಪಗ್ರಹಗಳು. ಯಾವುದು ಹಾರಿತು, ಯಾವುದು ಹಾರಲಿಲ್ಲ, ಯಾವುದರೊಳಗೆ ನಾಯಿ ಕೂತಿತ್ತು, ಕೇಳಿ, ಹೇಳುತ್ತೇನೆ. ಕೇಳದಿದ್ದರೂ ಹೇಳುತ್ತೇನೆ. ಕೆನಡಾದ ವಿಟ್ಬಿಯಲ್ಲಿ ನಮಗೆ ಪರಿಚಯವಿರುವ ಕನ್ನಡದ ಮನೆಗಳವರೆಲ್ಲ ಇದಕ್ಕೆ ಸಾಕ್ಷಿ. ಈಚೆಗೆ ಅವರು ಊಟಕ್ಕೆ ಕರೆಯುವಾಗ ನನ್ನ ಹೆಂಡತಿಗೆ ಮಾತ್ರ ಫೋನ್ ಮಾಡುತ್ತಾರೆ.

ಈ ಹುಚ್ಚು ಹತ್ತಿದ್ದು ಮೈಸೂರಿನಲ್ಲಿ, ನಮ್ಮ ತಾತನಿಂದ. ಸ್ಪುಟ್ನಿಕ್ ಹಾರಿದ ದಿನಗಳಲ್ಲಿ ತಾತ ತಾರಸಿಯ ಮೇಲೆ ನಿಂತು, ಅದು ಆಕಾಶದಲ್ಲಿ ಸರಿದುಹೋಗುವುದನ್ನು ಕಣ್ಣಾರೆ ನೋಡಿದ್ದರಂತೆ. ನೋಡಿ ಕೈ ಮುಗಿದಿದ್ದರಂತೆ. ಬಂದವರಿಗೆಲ್ಲ ಆ ಕಥೆ ಹೇಳುತ್ತಿದ್ದರು. ನಾನು ಹೈಸ್ಕೂಲಿಗೆ ಬಂದ ಮೇಲೆ ಲೈಬ್ರರಿಯ ಪುಸ್ತಕವೊಂದರಲ್ಲಿ ನಿಜ ಸಂಗತಿ ಓದಿದೆ. ಸ್ಪುಟ್ನಿಕ್ ಇದ್ದದ್ದು ದೊಡ್ಡ ಕುಂಬಳಕಾಯಿಯಷ್ಟು. ಅದು ಬರಿಗಣ್ಣಿಗೆ ಕಾಣುವುದೇ ಕಷ್ಟ. ಜನ ನೋಡಿದ್ದು ಅದನ್ನು ಮೇಲಕ್ಕೆ ಒಯ್ದು, ಕೆಲಸ ಮುಗಿಸಿ, ಅದರ ಹಿಂದೆಯೇ ಸುತ್ತುತ್ತಿದ್ದ ರಾಕೆಟ್ಟಿನ ಖಾಲಿ ಕೊಳವೆಯನ್ನು. ಓಡಿಬಂದು ತಾತನಿಗೆ ಹೇಳಿದೆ, "ತಾತ, ನೀವು ಕೈ ಮುಗಿದಿದ್ದು ಖಾಲಿ ಡಬ್ಬಕ್ಕೆ!" ತಾತ ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ಸತ್ಯ ಹೇಳುವವನಿಗೆ ಇದೆಲ್ಲ ಇದ್ದದ್ದೇ ಎಂದು ನಾನು ಅಂದೇ ತೀರ್ಮಾನಿಸಿದೆ.

ಕೆನಡಾಕ್ಕೆ ಬಂದ ಮೇಲೆ ನನ್ನ ವಿದ್ಯೆಗೆ ಹೊಸ ಊರು ಸಿಕ್ಕಿತು. ಈ ದೇಶದವರು ತಮ್ಮದೇ ಉಪಗ್ರಹವನ್ನು ಆ ಪೈಪೋಟಿಯ ಕಾಲದಲ್ಲೇ ಕಟ್ಟಿ, ಅಮೆರಿಕದ ರಾಕೆಟ್ಟಿನ ತಲೆಯ ಮೇಲೆ ಕೂರಿಸಿ ಕಳಿಸಿದ್ದರು. ಅಲೂಯೆಟ್ ಎಂದು ಅದರ ಹೆಸರು. ಫ್ರೆಂಚಿನಲ್ಲಿ ಬಾನಾಡಿ ಎಂದು ಅರ್ಥ. ನಾನು ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕ್ವಾಲಿಟಿ ಕಂಟ್ರೋಲ್ ಕೆಲಸದವನು. ಒಂದು ಮಧ್ಯಾಹ್ನ ಲಂಚ್‌ರೂಮಿನಲ್ಲಿ, ಇಲ್ಲೇ ಹುಟ್ಟಿ ಬೆಳೆದ ಸಹೋದ್ಯೋಗಿಯೊಬ್ಬನನ್ನು ತಡೆದು, "ನಿಮ್ಮ ದೇಶದ ಮೊದಲ ಉಪಗ್ರಹದ ಹೆಸರು ಹೇಳು ನೋಡೋಣ" ಎಂದೆ. ಅವನು ಬಹಳ ವಿನಯದಿಂದ, ತಾನು ಮೈಕ್ರೋವೇವಿಗಾಗಿ ಮಾತ್ರ ಬಂದಿರುವುದಾಗಿ ತಿಳಿಸಿದ. ಅವನ ಊಟ ಬಿಸಿಯಾಗುವಷ್ಟರಲ್ಲಿ ಅಲೂಯೆಟ್‌ನ ಇಡೀ ಚರಿತ್ರೆ ಹೇಳಿ ಮುಗಿಸಿದೆ.

ಮನೆಯಲ್ಲಿ ಮಾತ್ರ ನನ್ನ ವಿದ್ಯೆಗೆ ಅಷ್ಟು ಬೆಲೆಯಿಲ್ಲ. ನನ್ನ ಹೆಂಡತಿ ಜಯಶ್ರೀ ಧಾರವಾಡದವಳು. ಅವಳಿಗೆ ಯಾವ ಕಥೆಯಾದರೂ ಅದರಿಂದ ಅಡುಗೆಗೋ ಆರೋಗ್ಯಕ್ಕೋ ಉಪಯೋಗವಿರಬೇಕು. ಒಂದು ಸಂಜೆ ಊಟಕ್ಕೆ ಕೂತಾಗ ರಷ್ಯದವರ ಬೊಂಬೆಯ ಕಥೆ ತೆಗೆದೆ. ಮೊದಲ ಮನುಷ್ಯನನ್ನು ಕಳಿಸುವುದಕ್ಕೆ ಮುಂಚೆ ಅವರು ಅದೇ ನೌಕೆಯಲ್ಲಿ ಮನುಷ್ಯನಷ್ಟೇ ಎತ್ತರದ ಬೊಂಬೆಯನ್ನು ಕೂರಿಸಿ ಹಾರಿಸಿದರು. ಅದಕ್ಕೆ ಕಣ್ಣು, ಹುಬ್ಬು, ರೆಪ್ಪೆ ಎಲ್ಲ ಇತ್ತು. ಪ್ಯಾರಾಚೂಟಿನಲ್ಲಿ ಹಳ್ಳಿಯ ಹಿಮದ ಮೇಲೆ ಇಳಿದರೆ ಜನ ಹೆಣವೆಂದೋ ಗೂಢಚಾರನೆಂದೋ ತಿಳಿದಾರು ಎಂದು ಅದರ ಮುಖದ ಮೇಲೆ 'ಬೊಂಬೆ' ಎಂದು ದೊಡ್ಡದಾಗಿ ಬರೆದಿದ್ದರು. "ದೂರದಿಂದ ಕಂಡವರು ಹೆದರಬಾರದಲ್ಲ!" ಎಂದು ನಾನು ಮೇಜು ತಟ್ಟಿ ನಕ್ಕೆ. ರೇಡಿಯೊ ಸರಿಯಿದೆಯೇ ಎಂದು ನೋಡಲು ಆ ಬೊಂಬೆಯ ಪಕ್ಕದಿಂದ ಎಲೆಕೋಸಿನ ಸಾರು ಮಾಡುವ ವಿಧಾನವನ್ನು ಟೇಪಿನಲ್ಲಿ ಓದಿಸಿದ್ದರು ಎಂದೂ ಹೇಳುತ್ತಾರೆ.

ಜಯಶ್ರೀ ತಟ್ಟೆಗೆ ಅನ್ನ ಹಾಕುತ್ತ, "ಎಲಿಕೋಸಿನ ಸಾರಿಗೆ ಏನೇನು ಹಾಕ್ತಾರಂತ್ರೀ?" ಎಂದಳು.

ಅದು ನನಗೆ ಗೊತ್ತಿರಲಿಲ್ಲ. "ಮತ್ತ ಏನ್ ಓದೀರಿ ನೀವು" ಎಂದು ಅವಳು ಆ ವಿಷಯವನ್ನು ಅಲ್ಲಿಗೇ ಮುಗಿಸಿದಳು. ಮಗಳು ಸುರಭಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಚಪಾತಿ ತಿನ್ನುತ್ತಿದ್ದಳು. ಅವಳು ಇಲ್ಲಿಯೇ ಹುಟ್ಟಿದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಶನಿವಾರದ ಕನ್ನಡ ಶಾಲೆಗೂ ಹೋಗಿದ್ದಾಳೆ, ಆದರೆ ಉತ್ತರ ಕೊಡುವುದು ಇಂಗ್ಲಿಷಿನಲ್ಲಿ. ನನ್ನ ರಾಕೆಟ್ಟಿನ ವಿಷಯಕ್ಕೆ ಅವಳು ಯಾವ ಭಾಷೆಯಲ್ಲೂ ಉತ್ತರ ಕೊಡುತ್ತಿರಲಿಲ್ಲ. ಅದು ನನಗೆ ಒಳಗೊಳಗೇ ನೋವಿನ ವಿಷಯ. ಇಷ್ಟೊಂದು ಸಂಪತ್ತು ಇಟ್ಟುಕೊಂಡು ವಾರಸುದಾರರೇ ಇಲ್ಲವಲ್ಲ ಎಂದು ಎಷ್ಟೋ ಸಲ ಅನ್ನಿಸಿದೆ.

ಹೀಗಿರುವಾಗ ಸುರಭಿ ಒಂದು ದಿನ ಬಂದು, ತಾನೂ ಇಬ್ಬರು ಗೆಳತಿಯರೂ ಊರಿನ ಮಾದರಿ ರಾಕೆಟ್ ಕ್ಲಬ್ಬು ಸೇರಿದ್ದೇವೆ, ನಮ್ಮ ಗ್ಯಾರೇಜು ಬೇಕು ಎಂದಳು. ಕೊಡಲಾರೆ ಎನ್ನಲು ನಾನೇನು ಮೂರ್ಖನೇ? ಕಾರನ್ನು ಹೊರಗೆ ನಿಲ್ಲಿಸಿ ಗ್ಯಾರೇಜು ಬಿಟ್ಟುಕೊಟ್ಟೆ. ಬೇಸಿಗೆಯಿಡೀ ಮೂವರೂ ಅಲ್ಲಿ ರಟ್ಟಿನ ಕೊಳವೆ, ಹಗುರವಾದ ಬಾಲ್ಸಾ ಮರದ ರೆಕ್ಕೆ, ಅಂಟು ಎಂದು ಕೂತರು. ನಾನು ದಿನಾ ಹೋಗಿ ಉಪಯುಕ್ತ ಉದಾಹರಣೆಗಳನ್ನು ಕೊಡುತ್ತಿದ್ದೆ. ಅಮೆರಿಕದವರ ಮೊದಲ ಉಪಗ್ರಹದ ರಾಕೆಟ್ಟು ನಾಲ್ಕಡಿ ಮೇಲೆದ್ದು ಅಲ್ಲೇ ಕುಸಿದು ಸುಟ್ಟುಹೋದದ್ದು, ತುದಿಯಲ್ಲಿದ್ದ ಪುಟ್ಟ ಉಪಗ್ರಹ ಮಾತ್ರ ದೂರಕ್ಕೆ ಬಿದ್ದು ನೆಲದ ಮೇಲೇ ಬೀಪ್ ಬೀಪ್ ಎನ್ನುತ್ತಿದ್ದದ್ದು, ಹೀಗೆ. ಅಂಟು ಒಣಗುವ ಹೊತ್ತಿನಲ್ಲಿ ಇಂಥವನ್ನು ಕೇಳಿದರೆ ಮಕ್ಕಳಿಗೆ ಧೈರ್ಯ ಬರುತ್ತದೆ ಎಂದು ನನ್ನ ನಂಬಿಕೆ. ಕೆಲವು ದಿನಗಳಾದ ಮೇಲೆ ಗ್ಯಾರೇಜಿನ ಬಾಗಿಲಿಗೆ ಒಳಗಿನಿಂದ ಚಿಲಕ ಬಿತ್ತು.

ಅಕ್ಟೋಬರಿನಲ್ಲಿ ಕ್ಲಬ್ಬಿನ ಸ್ಪರ್ಧೆ. ನಿಯಮ ಸರಳ. ರಾಕೆಟ್ಟು ಒಂದು ಹಸಿ ಕೋಳಿಮೊಟ್ಟೆಯನ್ನು ಹೊತ್ತು ಮೇಲೆ ಹೋಗಿ, ಪ್ಯಾರಾಚೂಟಿನಲ್ಲಿ ಇಳಿಯಬೇಕು. ಮೊಟ್ಟೆ ಒಡೆದಿರಬಾರದು. ಮೊಟ್ಟೆಯನ್ನು ಕ್ಲಬ್ಬಿನವರೇ ಮುಂಚೆ ತೂಗಿ, ಚಿಪ್ಪಿನ ಮೇಲೆ ಮುದ್ರೆ ಒತ್ತಿ ಕೊಡುತ್ತಾರೆ. ಅದೇ ಹಾರಬೇಕು, ಬೇರೆಯದು ನಡೆಯುವುದಿಲ್ಲ. ಗೆದ್ದವರು ವಸಂತದಲ್ಲಿ ದೊಡ್ಡ ಸ್ಪರ್ಧೆಗೆ ಹೋಗುತ್ತಾರೆ. ಸುರಭಿ ಅದಕ್ಕಾಗಿ ಬೇಸಿಗೆಯ ಕ್ಯಾಂಪು ಬಿಟ್ಟಿದ್ದಳು, ಊರಿಗೆ ಹೋಗುವ ಟಿಕೆಟ್ಟೂ ಬೇಡ ಎಂದಿದ್ದಳು. ನಾನು ನೋಡಲು ಬರಬಹುದು ಎಂದಳು, ಆದರೆ ಒಂದು ಷರತ್ತು. "ಅಪ್ಪ, ನೋ ಲೆಕ್ಚರ್ಸ್. ಆ್ಯಂಡ್ ಡೋಂಟ್ ಟಚ್ ಎನಿಥಿಂಗ್. ಪ್ರಾಮಿಸ್?" ನಾನು ಎದೆ ಮುಟ್ಟಿಕೊಂಡು ಮಾತು ಕೊಟ್ಟೆ.

ಇನ್ನು ಆ ಮೊಟ್ಟೆ. ನಮ್ಮದು ಮೊಟ್ಟೆ ತಿನ್ನದ ಮನೆ. ಹಾಗೆಂದು ನಾವು ಅಷ್ಟೊಂದು ಕಟ್ಟುನಿಟ್ಟಿನವರೂ ಅಲ್ಲ. ಕೇಕಿನಲ್ಲಿರುವ ಮೊಟ್ಟೆ ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಅದು ಮೊಟ್ಟೆಯಲ್ಲ. ಕಣ್ಣಿಗೆ ಕಾಣುವ, ದುಂಡಗಿನ, ಮುದ್ರೆಯೊತ್ತಿದ ಮೊಟ್ಟೆ ಮಾತ್ರ ಗ್ಯಾರೇಜು ದಾಟಿ ಒಳಗೆ ಬರುವಂತಿಲ್ಲ ಎಂದು ಜಯಶ್ರೀ ತೀರ್ಪು ಕೊಟ್ಟಿದ್ದಳು. ಸುರಭಿ ಅದನ್ನು ಗ್ಯಾರೇಜಿನಲ್ಲೇ ಸ್ಪಂಜಿನಲ್ಲಿ ಸುತ್ತಿ, ರಾಕೆಟ್ಟಿನ ತಲೆಯ ಡಬ್ಬಿಯಲ್ಲಿಟ್ಟು ಟೇಪು ಹಾಕಿ, ನಾಳೆ ಬೆಳಗ್ಗೆ ಹಾರಿಸುವುದಷ್ಟೇ ಬಾಕಿ ಎಂದು ಗೆಳತಿಯ ಮನೆಗೆ ಹೋದಳು. ಅಂದು ಶುಕ್ರವಾರ, ಆಯುಧಪೂಜೆ.

ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಯಂತ್ರ ಎನ್ನಿಸಿಕೊಂಡಿದ್ದಕ್ಕೆಲ್ಲ ಕುಂಕುಮ ಬೀಳುತ್ತದೆ. ಎರಡು ಕಾರು, ಹುಲ್ಲು ಕತ್ತರಿಸುವ ಮೆಷೀನು, ಹಿಮ ತೆಗೆಯುವ ಮೆಷೀನು, ಲ್ಯಾಪ್‌ಟಾಪು, ಮಿಕ್ಸಿ. ಸಂಜೆ ಡ್ರೈವ್‌ವೇಯಲ್ಲಿ ಎಲ್ಲವನ್ನೂ ಸಾಲಾಗಿ ನಿಲ್ಲಿಸಿ, ಮಣೆಯ ಮೇಲೆ ದೇವರ ಪಟ ಇಟ್ಟೆವು. ರಾಕೆಟ್ಟನ್ನು ತಂದು ಪಟದ ಎದುರಿಗೇ ನಿಲ್ಲಿಸಿದವನು ನಾನು. ಮಗಳ ರಾಕೆಟ್ಟಿಗೆ ಪೂಜೆಯಿಲ್ಲದೆ ಮಿಕ್ಸಿಗೆ ಪೂಜೆ ಮಾಡುವುದು ಯಾವ ನ್ಯಾಯ?

ಜಯಶ್ರೀ ಹೂವಿನ ಬುಟ್ಟಿ ಹಿಡಿದವಳು ತಡೆದು ನಿಂತಳು. "ಏನ್ರೀ, ಅದರಾಗ ತತ್ತಿ ಐತೇನು?"

"ಇದೆ ಕಣೇ. ಒಳಗೆ ಭದ್ರವಾಗಿದೆ, ಯಾರಿಗೂ ಕಾಣಲ್ಲ."

"ದೇವರಿಗೂ ಕಾಣಂಗಿಲ್ಲೇನ್ರೀ? ಮದಲ ಅದನ್ನ ಹೊರಗ ತಗೀರಿ."

ಮುಟ್ಟುವುದಿಲ್ಲ ಎಂದು ಮಾತು ಕೊಟ್ಟಿದ್ದೆ ನಿಜ. ಆದರೆ ಎರಡು ನಿಮಿಷದ ಮಾತು, ಮಂಗಳಾರತಿ ಮುಗಿದ ಕೂಡಲೇ ವಾಪಸು ಇಟ್ಟರಾಯಿತು ಎಂದುಕೊಂಡು ಟೇಪು ಬಿಚ್ಚಿದೆ. ಮೊಟ್ಟೆಯನ್ನು ಎಲ್ಲಿಡುವುದು? ಗ್ಯಾರೇಜಿನ ಶೆಲ್ಫಿನ ಮೇಲೆ ನನ್ನ ಸ್ನೋ ಬೂಟುಗಳಿದ್ದವು. ಒಳಗೆ ಮೆತ್ತನೆಯ ಉಣ್ಣೆ. ಎಡಗಾಲಿನ ಬೂಟಿನೊಳಗೆ ಅದನ್ನು ಮಲಗಿಸಿದೆ. ಬಂದು ನೋಡಿದರೆ ಜಯಶ್ರೀ ಇನ್ನೂ ನಿಂತೇ ಇದ್ದಾಳೆ. "ಖಾಲಿ ಡಬ್ಬಿ ಪೂಜಾಕ್ಕ ಇಡಬಾರ್ದ್ರೀ. ನಮ್ಮವ್ವ ಖಾಲಿ ಕೊಡಾನೂ ದೇವರ ಮುಂದ ಇಡ್ತಿದ್ದಿಲ್ಲ. ಒಳಗ ಏನರ ಇರಬೇಕು." ಕೈಗೆ ಸಿಕ್ಕಿದ್ದು ಕಾರಿನ ಚಕ್ರದ ಕೆಳಗಿಡಲು ತಂದಿದ್ದ ನಿಂಬೆಹಣ್ಣು. ಅದಕ್ಕೊಂದು ಕುಂಕುಮದ ಬೊಟ್ಟಿಟ್ಟು, ಸ್ಪಂಜಿನಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು ಟೇಪು ಅಂಟಿಸಿದೆ. ನಾನು ಕ್ವಾಲಿಟಿ ಕಂಟ್ರೋಲಿನವನು. ನಾನು ಟೇಪು ಅಂಟಿಸಿದರೆ ಅದನ್ನು ಒಮ್ಮೆ ಬಿಚ್ಚಿದ್ದರು ಎಂಬ ಗುರುತೇ ಉಳಿಯುವುದಿಲ್ಲ.

ಮಂಗಳಾರತಿ ಆಗುವ ಹೊತ್ತಿಗೆ ಪಕ್ಕದ ಮನೆಯ ಪಂಜಾಬಿ ಲಾರಿಯವನು ಗಂಟೆಯ ಸದ್ದು ಕೇಳಿ ಬಂದ. "ಭಾಯಿ ಸಾಬ್, ಮೇರಾ ಟ್ರಕ್ ಭೀ!" ಎಂದು ಕೈ ಜೋಡಿಸಿದ. ನನ್ನ ಪೌರೋಹಿತ್ಯಕ್ಕೆ ಹೊರಗಿನಿಂದ ಬಂದ ಮೊದಲ ಆಹ್ವಾನ ಅದು. ಹದಿನೆಂಟು ಚಕ್ರದ ಲಾರಿ, ಚಕ್ರಗಳಿಗೆಲ್ಲ ಕುಂಕುಮ ಹಚ್ಚಿ, ಗೊತ್ತಿದ್ದ ಮಂತ್ರವನ್ನೆಲ್ಲ ಹೇಳಿ, ಗೊತ್ತಿಲ್ಲದ ಕಡೆ ಗಂಟೆಯನ್ನು ಜೋರಾಗಿ ಆಡಿಸಿ ಪೂಜೆ ಮಾಡಿಸಿದೆ. ಅವನ ಮನೆಯಿಂದ ಲಡ್ಡು ಬಂತು, ನಮ್ಮ ಮನೆಯಿಂದ ಆಂಬೊಡೆ ಹೋಯಿತು. ಆ ಸಂಭ್ರಮದಲ್ಲಿ ಬೂಟಿನೊಳಗೆ ಮಲಗಿದ್ದ ಗಗನಯಾತ್ರಿಯ ನೆನಪು ನನಗೆ ಬರಲಿಲ್ಲ.

ಮರುದಿನ ಬೆಳಗ್ಗೆ ಊರಾಚೆಯ ಮುಸುಕಿನ ಜೋಳ ಕೊಯ್ದ ಹೊಲದಲ್ಲಿ ಸ್ಪರ್ಧೆ. ಸುರಭಿ ಗೆಳತಿಯರ ಜೊತೆ ಹಾರಿಸುವ ಕಂಬಿಯ ಹತ್ತಿರ ಇದ್ದಳು. ನಾನು ಕೊಟ್ಟ ಮಾತಿನಂತೆ ಅವಳಿಗೆ ಏನೂ ಹೇಳಲಿಲ್ಲ. ಬದಲಿಗೆ ತೀರ್ಪುಗಾರರ ಪಕ್ಕದಲ್ಲಿ ನಿಂತೆ. ಅವರು ಕೆಂಪು ಟೋಪಿಯ ಎತ್ತರದ ಮುದುಕರು, ಬಹಳ ಮರ್ಯಾದಸ್ಥರು. ಅವರಿಗೆ ಅಮೆರಿಕದವರದೇ ಇನ್ನೊಂದು, ನಾಲ್ಕಂಗುಲವಷ್ಟೇ ಹಾರಿದ ರಾಕೆಟ್ಟಿನ ಕಥೆ ಹೇಳಿದೆ. ಎಂಜಿನ್ನು ಹೊತ್ತಿ, ನಾಲ್ಕಂಗುಲ ಎದ್ದು, ಆರಿ, ಮತ್ತೆ ಅದೇ ಜಾಗದಲ್ಲಿ ಕೂತುಕೊಂಡಿತ್ತು. ಆಮೇಲೆ ತಲೆಯಿಂದ ಪ್ಯಾರಾಚೂಟು ಮಾತ್ರ ಪುಸ್ಸೆಂದು ಹೊರಗೆ ಬಂದು ಜೋತುಬಿದ್ದಿತ್ತು. ಮುದುಕರು ನಕ್ಕರು. ನಾನು ಹುರುಪಿನಲ್ಲಿ ಅಲೂಯೆಟ್‌ಗೆ ಬಂದೆ. ಅಷ್ಟರಲ್ಲಿ ನಮ್ಮವರ ಸರದಿ. ರಾಕೆಟ್ಟಿನ ಒಟ್ಟು ತೂಕ ನೋಡಿದರು, ಸರಿಯಿತ್ತು. ಮಕ್ಕಳು ಎಣಿಸಿದರು. ರಾಕೆಟ್ಟು ಸುಯ್ಯೆಂದು ನೆಟ್ಟಗೆ ಏರಿತು. ಎಷ್ಟು ಚೆಂದ! ಮೇಲೆ ಹೋಗಿ ತಿರುಗಿ, ಕಿತ್ತಳೆ ಬಣ್ಣದ ಪ್ಯಾರಾಚೂಟು ಬಿಚ್ಚಿ, ತೂಗುತ್ತ ತೂಗುತ್ತ ಇಳಿಯಿತು. ನನ್ನ ಕಣ್ಣು ತುಂಬಿ ಬಂತು. ತಾತ ಇರಬೇಕಿತ್ತು ಎನ್ನಿಸಿತು.

ಮುದುಕರು ಟೇಪು ಬಿಚ್ಚಿ, ಸ್ಪಂಜು ತೆಗೆದು, ಒಳಗಿದ್ದುದನ್ನು ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಹಳದಿ ಬಣ್ಣ, ನಡುವೆ ಕೆಂಪು ಬೊಟ್ಟು. ಒಡೆದಿರಲಿಲ್ಲ, ಅದನ್ನು ಯಾರಾದರೂ ಒಪ್ಪಬೇಕು. ಗೆಳತಿಯರಿಬ್ಬರೂ ಬಾಯಿ ಬಿಟ್ಟುಕೊಂಡು ನಿಂತರು. ಸುರಭಿ ನಿಂಬೆಹಣ್ಣನ್ನು ನೋಡಲೇ ಇಲ್ಲ, ನೆಟ್ಟಗೆ ನನ್ನ ಕಡೆ ತಿರುಗಿದಳು. "ಅಪ್ಪ" ಎಂದಳು. ಅಷ್ಟೇ. ಅವಳ ಗಲ್ಲ ನಡುಗುತ್ತಿತ್ತು.

ಆದರೆ ನಾನು ಧೈರ್ಯಗೆಡುವವನಲ್ಲ. ಮುದುಕರ ಮುಂದೆ ನಿಂತು ವಾದಕ್ಕೆ ಶುರುಮಾಡಿದೆ. ಚರಿತ್ರೆಯಲ್ಲಿ ಇದಕ್ಕೆ ಆಧಾರವಿದೆ, ನಿಜವಾದ ಪ್ರಯಾಣಿಕನ ಬದಲು ಮೊದಲು ಬೊಂಬೆಯನ್ನೇ ಕಳಿಸಿದ್ದರು, ರಷ್ಯದ ಹಿಮದಲ್ಲಿ ಒಂದು ಹಳ್ಳಿ ಎನ್ನುತ್ತಿದ್ದ ಹಾಗೆ ಸುರಭಿ ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು. ಕಣ್ಣೊರೆಸಿಕೊಂಡು, ನಾನು ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದ ವಿಷಯವನ್ನು ಮೂರು ಮಾತಿನಲ್ಲಿ ಮುಗಿಸಿದಳು. ನಿನ್ನೆ ನಮ್ಮ ಹಬ್ಬ, ನಾವು ವಾಹನಗಳನ್ನು ಪೂಜೆ ಮಾಡುತ್ತೇವೆ, ಪೂಜೆಗೆ ಮೊಟ್ಟೆ ಇಡುವಂತಿಲ್ಲ ಎಂದು ಅಪ್ಪ ಬದಲಾಯಿಸಿ ಮರೆತಿದ್ದಾರೆ. ಇದನ್ನು ಪರೀಕ್ಷೆಯ ಹಾರಾಟ ಎಂದು ಬರೆದುಕೊಂಡು ಇನ್ನೊಂದು ಸಲ ಬಿಡುತ್ತೀರಾ? ಮುದುಕರು ಗಡ್ಡ ಕೆರೆದುಕೊಂಡರು. ಪ್ರತಿ ತಂಡಕ್ಕೂ ಎರಡು ಹಾರಾಟ ಉಂಟು, ಇದಕ್ಕೆ ಅಂಕವಿಲ್ಲ, ಇನ್ನು ಉಳಿದಿರುವುದು ಒಂದೇ, ಗಾಳಿ ಏಳುವ ಮುಂಚೆ ಮುದ್ರೆಯ ಮೊಟ್ಟೆ ತಂದರೆ ಹಾರಿಸಬಹುದು ಎಂದರು.

ನಾನು ಹೋಗಿ ಬರುವ ತನಕ ಗಾಳಿ ಕಾಯುವುದಿಲ್ಲ. ಮನೆಯಲ್ಲಿದ್ದ ಜಯಶ್ರೀಗೆ ಫೋನ್ ಮಾಡಿದೆ. "ಗ್ಯಾರೇಜಿಗೆ ಹೋಗು. ಶೆಲ್ಫಿನ ಮೇಲೆ ನನ್ನ ಸ್ನೋ ಬೂಟಿದೆ, ತೆಗಿ. ಎಡಗಾಲಿಂದು."

"ಯಾಕ್ರೀ, ಅಲ್ಲೆ ಹಿಮಾ ಬಿದ್ದದೇನು?"

"ಇಲ್ಲ ಮಾರಾಯ್ತಿ. ಅದರೊಳಗೆ ಮೊಟ್ಟೆ ಇದೆ."

"ಕೋಳಿ ಏನರ ಸಾಕೀರೇನ್ರೀ ಗ್ಯಾರೇಜಿನ್ಯಾಗ?"

ಎಲ್ಲ ಹೇಳಿದೆ. ಜಯಶ್ರೀ ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟಿದವಳಲ್ಲ. ಕಾರು ಕಲಿತದ್ದೂ ಈಚೆಗೆ. ದೇವಸ್ಥಾನ, ದಿನಸಿ ಅಂಗಡಿ ಬಿಟ್ಟು ಬೇರೆ ಕಡೆ ಓಡಿಸಿದವಳಲ್ಲ. "ಸುರಭಿ ಅಳಾಕ್ಹತ್ಯಾಳೇನು?" ಎಂದು ಕೇಳಿದಳು. "ಅಳ್ತಾ ಇಲ್ಲ, ಆದರೆ..." ಎನ್ನುವಷ್ಟರಲ್ಲಿ ಫೋನ್ ಇಟ್ಟಳು.

ಹೊಲದ ಮಣ್ಣುದಾರಿಯಲ್ಲಿ ಅವಳ ಕಾರು ಕಾಣುವ ಹೊತ್ತಿಗೆ ಜೋಳದ ಕೂಳೆಗಳ ಮೇಲೆ ಗಾಳಿ ಆಡಲು ಶುರುವಾಗಿತ್ತು. ಜಯಶ್ರೀ ಕಾರಿನಿಂದಿಳಿದು, ಎರಡೂ ಕೈಯಲ್ಲಿ ದೊಡ್ಡ ಸ್ಟೀಲಿನ ಡಬ್ಬಿ ಹಿಡಿದು ನಡೆದು ಬಂದಳು. ಮುಚ್ಚಳ ತೆಗೆದರೆ ಡಬ್ಬಿಯ ತುಂಬ ಅಕ್ಕಿ, ಅಕ್ಕಿಯ ನಡುವೆ ಹುಗಿದ ಮೊಟ್ಟೆ. "ಪ್ಯಾಟಿಯಿಂದ ಗಾಜಿನ ಬಳಿ ಹಿಂಗ ತರತಿದ್ವಿ ನಾವು. ಒಂದೂ ಒಡೀತಿದ್ದಿಲ್ಲ" ಎಂದಳು. ಮುಟ್ಟಿದೆಯಾ ಎಂದು ಕೇಳಿದೆ. "ಸೌಟಿಲೆ ಎತ್ತೀನಿ" ಎಂದಳು. ಆ ಸೌಟು ಇವತ್ತಿಗೂ ಗ್ಯಾರೇಜಿನಲ್ಲೇ ಇದೆ, ಅಡುಗೆಮನೆಗೆ ಅದಕ್ಕೆ ಪ್ರವೇಶವಿಲ್ಲ.

ಸುರಭಿ ತಾಯಿಯನ್ನು ಒಮ್ಮೆ ಗಟ್ಟಿಯಾಗಿ ತಬ್ಬಿ, ಮೊಟ್ಟೆಯನ್ನು ಸುತ್ತಿ, ತಾನೇ ಟೇಪು ಹಾಕಿದಳು. ಈ ಸಲ ನಾನು ಯಾರಿಗೂ ಯಾವ ಕಥೆಯನ್ನೂ ಹೇಳಲಿಲ್ಲ. ರಾಕೆಟ್ಟು ಏರಿತು. ಗಾಳಿಗೆ ಪ್ಯಾರಾಚೂಟು ಓಡಿ, ಹೊಲದ ಅಂಚಿನ ಮರಗಳ ಕಡೆ ಹೋಗಿ, ಇನ್ನೇನು ಸಿಕ್ಕಿಕೊಂಡಿತು ಎನ್ನುವಾಗ ಮರಗಳ ಈಚೆಗೆ ಇಳಿಯಿತು. ಮಕ್ಕಳು ಓಡಿದರು. ಮುದುಕರು ಡಬ್ಬಿ ಬಿಚ್ಚಿ ಮೊಟ್ಟೆಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, ಹೆಬ್ಬೆರಳು ಎತ್ತಿದರು. ಜಯಶ್ರೀ ನನ್ನ ಕೈ ಹಿಡಿದುಕೊಂಡಿದ್ದಳು ಎಂದು ನನಗೆ ಆಗಲೇ ಗೊತ್ತಾದದ್ದು. ನಿಂಬೆಹಣ್ಣನ್ನು ಅವಳು ಪ್ರಸಾದವೆಂದು ಎರಡೂ ಕೈಯಿಂದ ಮುದುಕರಿಗೆ ಕೊಟ್ಟಳು, ಅವರು ಟೋಪಿ ತೆಗೆದು ಸ್ವೀಕರಿಸಿದರು.

ಹೀಗೆ ನಮ್ಮ ಹುಡುಗಿಯರು ಗೆದ್ದರು. ಮನೆಯಲ್ಲಿ ಕೆಲವು ದಿನ ಯಾರೂ ಈ ವಿಷಯ ಎತ್ತಲಿಲ್ಲ, ನಾನೂ ಸ್ಪುಟ್ನಿಕ್ಕನ್ನು ನೆನಪಿಸಲಿಲ್ಲ. ಮಗಳು ಜೋಪಾನ ಮಾಡಿದ್ದಕ್ಕೆ ಕೈ ಹಾಕಿ ಕೆಡಿಸಿದ ಮೇಲೆ, ತಾತ ನನ್ನ ಜೊತೆ ಮಾತು ಬಿಟ್ಟಿದ್ದು ಯಾಕೆಂದು ಆಗ ಸ್ವಲ್ಪ ಅರ್ಥವಾದ ಹಾಗಾಯಿತು. ವಸಂತ ಬಂತು. ದೊಡ್ಡ ಸ್ಪರ್ಧೆಗೆ ನಾನೂ ಬರಬಹುದೇ ಎಂದು ಕೇಳುವ ಧೈರ್ಯ ಸಾಲದೆ, ಅಂದು ಬೆಳಗ್ಗೆ ಸುಮ್ಮನೆ ಕಾರಿನ ಕೀಲಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಸುರಭಿ ಕೀಲಿ ನೋಡಿ ಕಾರು ಹತ್ತಿದಳು, ಹಿಂದೆಯೇ ಜಯಶ್ರೀಯೂ ಹತ್ತಿದಳು. ಮೈದಾನದ ಬಾಗಿಲಲ್ಲಿ, ಒಳಗೆ ಬರುವವರೆಲ್ಲ ಎದೆಯ ಮೇಲೆ ತಮ್ಮ ಹೆಸರು, ಕೆಲಸ ಬರೆದ ಚೀಟಿ ಅಂಟಿಸಿಕೊಳ್ಳಬೇಕಿತ್ತು. ಸುರಭಿ ಪೆನ್ನು ತೆಗೆದುಕೊಂಡು, ನಾಲಿಗೆಯ ತುದಿ ಕಚ್ಚಿಕೊಂಡು ನಿಧಾನವಾಗಿ ಏನೋ ಬರೆದು, ನನ್ನ ಕೋಟಿನ ಮೇಲೆ ತಾನೇ ಅಂಟಿಸಿದಳು. ಜಯಶ್ರೀ ಅದನ್ನು ಓದಿ, ಕಾರಿಗೆ ಒರಗಿಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಾನು ಕತ್ತು ಬಗ್ಗಿಸಿ ನೋಡಿದೆ. ಶನಿವಾರದ ಶಾಲೆಯ ದುಂಡಗಿನ ಕನ್ನಡ ಅಕ್ಷರದಲ್ಲಿ, ದೊಡ್ಡದಾಗಿ, 'ಬೊಂಬೆ' ಎಂದಿತ್ತು.

"ದೂರದಿಂದ ಕಂಡವರು ಹೆದರಬಾರದಲ್ಲ, ಅಪ್ಪ" ಎಂದಳು ಸುರಭಿ. ಅಚ್ಚ ಕನ್ನಡದಲ್ಲಿ.

ಆ ಕಥೆ ಹೇಳಿದ ಸಂಜೆ ಅವಳ ಕಿವಿಯಲ್ಲಿ ಹೆಡ್‌ಫೋನ್ ಇತ್ತು. ನನಗೆ ಚೆನ್ನಾಗಿ ನೆನಪಿದೆ. ಚೀಟಿಯನ್ನು ಅಂಗೈಯಿಂದ ಒತ್ತಿ ಇನ್ನಷ್ಟು ಭದ್ರವಾಗಿ ಅಂಟಿಸಿಕೊಂಡೆ. ಅಷ್ಟರಲ್ಲಿ ಕೆಂಪು ಟೋಪಿಯ ಮುದುಕರು ಎದುರಾಗಿ, ನನ್ನ ಕೈ ಕುಲುಕಿ, ಎದೆಯ ಮೇಲಿನ ಚೀಟಿಯತ್ತ ಬೆರಳು ಮಾಡಿ, ನಿಮ್ಮ ಭಾಷೆಯಲ್ಲಿ ಇದಕ್ಕೆ ಏನರ್ಥ ಎಂದು ಕೇಳಿದರು.

"ಮುಖ್ಯ ಸಲಹೆಗಾರ" ಎಂದೆ.